ಕಂತಿನ ಪೀಠೋಪಕರಣ: ದೂರು ಯಾರಲ್ಲಿ, ಪರಿಹಾರ ಯಾರಿಂದ?

ಹಾವೇರಿ ಜಿಲ್ಲೆಯ ಪೇಟೆಗಳಲ್ಲಿ ಪೀಠೋಪಕರಣದ ವ್ಯಾಪಾರವು ಬಹುಕಾಲದಿಂದ ಎರಡು ಹಂಗಾಮುಗಳನ್ನು ನಂಬಿಕೊಂಡು ಬಂದಿದೆ. ಒಂದು ಮದುವೆಯ ಹಂಗಾಮು, ಇನ್ನೊಂದು ಸುಗ್ಗಿಯ ಹಂಗಾಮು. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಒಳ್ಳೆಯ ದರ ದೊರೆತ ವರ್ಷ ರಾಣೇಬೆನ್ನೂರು, ಹಾವೇರಿಯ ಅಂಗಡಿಗಳಲ್ಲಿ ಮಂಚ, ಕಪಾಟು, ಸೋಫಾಗಳಿಗೆ ಬೇಡಿಕೆ ಏರುತ್ತದೆ. ದರ ಬಿದ್ದ ವರ್ಷ ಅದೇ ಸರಕಿನ ಮೇಲೆ ಧೂಳು ಕೂರುತ್ತದೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ರೊಚ್ಚಿಗೆದ್ದ ರೈತರ ಆಕ್ರೋಶವು ಬ್ಯಾಡಗಿ ಎಪಿಎಂಸಿ ಕಚೇರಿಗೆ ಬೆಂಕಿ ತಗಲುವವರೆಗೆ ಹೋದುದನ್ನು ಈ ಭಾಗದ ವರ್ತಕರು ಮರೆತಿರಲಾರರು. ವರಮಾನವೇ ಹೀಗೆ ಏರಿಳಿಯುವ ಸೀಮೆಯಲ್ಲಿ ಎಲ್ಲರೂ ರೋಖ ಕೊಟ್ಟು ಕೊಳ್ಳಲಿ ಎಂದು ನಿರೀಕ್ಷಿಸಲಾಗದು. ಇಲ್ಲಿ ಉದ್ರಿಯು ವ್ಯಾಪಾರದ ಅಪವಾದವಾಗಿರಲಿಲ್ಲ, ಅದೇ ವ್ಯಾಪಾರವಾಗಿತ್ತು.

ಹಳೆಯ ಉದ್ರಿ ವ್ಯವಹಾರವನ್ನು ಅತಿಯಾಗಿ ಹೊಗಳುವ ಅಗತ್ಯವಿಲ್ಲ. ಉದ್ರಿಯ ಬೆಲೆ ರೋಖಿನ ಬೆಲೆಗಿಂತ ಹೆಚ್ಚಿರುತ್ತಿತ್ತು. ಪರಿಚಯವಿಲ್ಲದ ಬಡವನಿಗೆ ಅದು ದೊರೆಯುತ್ತಿರಲಿಲ್ಲ. ಬಾಕಿ ವಸೂಲಾಗದೆ ಮುಚ್ಚಿದ ಅಂಗಡಿಗಳೂ ಇವೆ. ಆದರೆ ಅದರಲ್ಲಿ ಯಾರೂ ಬರೆದಿಡದ ಒಂದು ವ್ಯವಸ್ಥೆ ಅಡಗಿತ್ತು. ಕಪಾಟಿನ ಬಾಗಿಲು ಸರಿಯಾಗಿ ಕೂರದಿದ್ದರೆ, ಮಂಚದ ಪಟ್ಟಿ ಸಡಿಲಾಗಿದ್ದರೆ, ಕೊಂಡವನು ಅಂಗಡಿಗೆ ಬಂದು "ಮೊದಲು ಬಡಿಗನನ್ನು ಕಳಿಸಿರಿ, ಆಮೇಲೆ ಬಾಕಿ" ಎನ್ನುತ್ತಿದ್ದ. ಬಡಿಗನು ಮರುದಿನ ಉಳಿ ಹಿಡಿದು ಹಾಜರಾಗುತ್ತಿದ್ದ. ಅಂಗಡಿಕಾರನ ಕೀರ್ದಿಯಲ್ಲಿ ಬರಬೇಕಾದ ಬಾಕಿಯೇ ಗ್ರಾಹಕನ ಪಾಲಿಗೆ ಸೇವೆಯ ಜಾಮೀನಾಗಿತ್ತು.

ಕಂತಿನ ವ್ಯಾಪಾರ ಬಂದ ಮೇಲೆ ಈ ಜಾಮೀನು ಸದ್ದಿಲ್ಲದೆ ಕಳೆದುಹೋಯಿತು. ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಹಣಕಾಸು ಸಂಸ್ಥೆಯ ಪ್ರತಿನಿಧಿ ಕುಳಿತಿರುತ್ತಾನೆ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಕೊಟ್ಟರೆ ಅರ್ಧ ಗಂಟೆಯೊಳಗೆ ಸಾಲ ಮಂಜೂರಾಗುತ್ತದೆ. ಹಣವು ಗ್ರಾಹಕನ ಕೈಗೆ ಬರುವುದಿಲ್ಲ. ನೇರವಾಗಿ ಅಂಗಡಿಯ ಖಾತೆಗೆ ಹೋಗುತ್ತದೆ. ಅಂದಿನಿಂದ ಅಂಗಡಿಕಾರನ ಲೆಕ್ಕದಲ್ಲಿ ವ್ಯಾಪಾರ ಮುಗಿಯಿತು. ಗ್ರಾಹಕನ ಲೆಕ್ಕದಲ್ಲಿ ಅದು ಆಗ ತಾನೇ ಆರಂಭವಾಯಿತು. ಆತನು ಬಾಕಿದಾರನಾಗಿರುವುದು ಮಂಚ ಕೊಟ್ಟವನಿಗಲ್ಲ, ಮಂಚವನ್ನು ಕಣ್ಣಿನಿಂದಲೂ ಕಾಣದ ಒಂದು ಸಂಸ್ಥೆಗೆ. ಕಂತಿನ ಖರೀದಿಯಲ್ಲಿ ಉಂಟಾಗುವ ಬಹುತೇಕ ತಕರಾರುಗಳ ಮೂಲ ಇದೇ ಆಗಿದ್ದು, ಬಡ್ಡಿಯ ದರದ ಬಗ್ಗೆ ನಡೆಯುವಷ್ಟು ಚರ್ಚೆ ಇದರ ಬಗ್ಗೆ ನಡೆದಿಲ್ಲ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಬ್ಯಾಡಗಿಯ ಅಡತಿ ಅಂಗಡಿಯೊಂದರ ಗುಮಾಸ್ತನು ಮಗಳ ಮದುವೆಗೆಂದು ಮಂಚ, ಕಪಾಟು ಮತ್ತು ಸೋಫಾ ಸೇರಿ 60,000 ರೂಪಾಯಿಯ ಸಾಮಾನು ಕೊಂಡನೆಂದು ಭಾವಿಸೋಣ. ಮುಂಗಡ 12,000 ರೂ., ಸಾಲ 48,000 ರೂ., ತಿಂಗಳಿಗೆ 4,000ದಂತೆ 12 ಕಂತು, ಬಡ್ಡಿ "ಶೂನ್ಯ". ಮುಂಗಾರಿನ ಮೊದಲ ತಿಂಗಳಲ್ಲೇ ಕಪಾಟಿನ ಹಲಗೆ ಉಬ್ಬಿತು. ಸಾಗವಾನಿ ಎಂದು ಹೇಳಿದ್ದ ಮಂಚದ ಕಾಲು ಬೇರಾವುದೋ ಕಟ್ಟಿಗೆಯದೆಂದು ತಿಳಿಯಿತು. ಅಂಗಡಿಯವರು "ಇದು ತಯಾರಕರ ತಪ್ಪು, ಅವರಿಗೆ ಬರೆಯಿರಿ" ಎನ್ನುತ್ತಾರೆ. ತಯಾರಕರು "ನೀರು ತಾಗಿದರೆ ವಾರಂಟಿ ಅನ್ವಯಿಸದು" ಎನ್ನುತ್ತಾರೆ. ಹಣಕಾಸು ಸಂಸ್ಥೆಯವರು "ನಾವು ಕೊಟ್ಟದ್ದು ಹಣ, ಮಂಚವಲ್ಲ" ಎನ್ನುತ್ತಾರೆ. ಕಾನೂನಿನ ಕಟ್ಟಕಡೆಯ ಅರ್ಥದಲ್ಲಿ ಈ ಮೂರನೆಯ ಉತ್ತರವು ಪೂರ್ತಿ ಸುಳ್ಳೂ ಅಲ್ಲ.

ಇಂಥ ಸಂದರ್ಭದಲ್ಲಿ ಗ್ರಾಹಕನಿಗೆ ತೋಚುವ ಮೊದಲ ಉಪಾಯವೆಂದರೆ ಕಂತು ನಿಲ್ಲಿಸುವುದು. ಉದ್ರಿಯ ಕಾಲದ ಅಭ್ಯಾಸವದು. ಕಂತಿನ ಕಾಲದಲ್ಲಿ ಅದಕ್ಕಿಂತ ಅಪಾಯಕರವಾದ ಹೆಜ್ಜೆ ಇನ್ನೊಂದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಕಂತು ಮರಳಿದರೆ ಬ್ಯಾಂಕಿನ ಶುಲ್ಕ ಬೇರೆ, ಸಾಲ ಕೊಟ್ಟವರ ದಂಡ ಶುಲ್ಕ ಬೇರೆ. ಬಾಕಿಯ ವಿವರ ಸಾಲ ಮಾಹಿತಿ ಕಂಪನಿಗಳಿಗೆ ಹೋಗಿ ಸಿಬಿಲ್ ಅಂಕ ಇಳಿಯುತ್ತದೆ. ನಾಳೆ ಟ್ರ್ಯಾಕ್ಟರಿಗೋ ಮನೆಗೋ ಸಾಲ ಕೇಳಿದಾಗ ಬ್ಯಾಂಕಿನವರು ಕಪಾಟಿನ ಹಲಗೆಯ ಕಥೆಯನ್ನು ಕೇಳುವುದಿಲ್ಲ. ಇದಕ್ಕಿಂತ ಹೆಚ್ಚಾಗಿ, ಖಾತೆಯಿಂದ ತಾನಾಗಿಯೇ ಕಡಿತವಾಗುವ ಕಂತು ಹಣವಿಲ್ಲದೆ ಮರಳಿದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನನ್ವಯ ಅದು ಚೆಕ್ ಬೌನ್ಸಿನಂತೆಯೇ ಅಪರಾಧವಾಗಬಲ್ಲದು. ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ ಮೊತ್ತದ ಎರಡು ಪಟ್ಟಿನವರೆಗಿನ ದಂಡಕ್ಕೆ ಅವಕಾಶವಿದೆ. ಕಂತಿನ ಒತ್ತಡ ಎಂಥದೆಂಬುದನ್ನು ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಾಗಿಲ್ಲ. 2025ರ ಜನವರಿಯಲ್ಲಿ ಕಿರು ಸಾಲದ ವಸೂಲಿಯ ಕಿರುಕುಳದಿಂದ ಬೇಸತ್ತ ಇಲ್ಲಿಯ ಮಹಿಳೆಯರು ಮುಖ್ಯಮಂತ್ರಿಗಳಿಗೆ ಅಂಚೆಯಲ್ಲಿ ಮಾಂಗಲ್ಯ ಕಳುಹಿಸಿದ್ದು ಸುದ್ದಿಯಾಗಿತ್ತು. ಮುಂದಿನ ತಿಂಗಳೇ ರಾಜ್ಯ ಸರಕಾರವು ಸುಗ್ರೀವಾಜ್ಞೆ ತಂದಿತು. ಆದರೆ ರಿಜರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಯ ಪೀಠೋಪಕರಣ ಸಾಲವನ್ನು ಅದು ತಳ್ಳಿಹಾಕುವುದಿಲ್ಲ. ಆದಕಾರಣ ಕಂತು ಕಟ್ಟುತ್ತಲೇ ದೂರು ಕೊಡಬೇಕೆಂಬುದು ಮೊದಲನೆಯ ಮಾತು.

ದೂರು ಕೊಡಲು ಹಕ್ಕಿದೆಯೇ ಎಂಬ ಸಂದೇಹ ಅನೇಕರಲ್ಲಿದೆ. "ಪೂರ್ತಿ ಹಣ ಕೊಟ್ಟಿಲ್ಲ, ಸಾಲ ಇನ್ನೂ ಬಾಕಿ ಇದೆ, ಗ್ರಾಹಕರ ನ್ಯಾಯಾಲಯಕ್ಕೆ ಹೇಗೆ ಹೋಗುವುದು?" ಎಂಬ ಪ್ರಶ್ನೆ ಬ್ಯಾಡಗಿಯ ಪೇಟೆಯಲ್ಲಿ ಇಂದಿಗೂ ಕೇಳಿಬರುತ್ತದೆ. 1986ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲೂ ಅದರ ಸ್ಥಾನದಲ್ಲಿ ಬಂದು 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಕಾಯ್ದೆಯಲ್ಲೂ ಉತ್ತರ ಒಂದೇ. ಹಣ ಕೊಟ್ಟವನು, ಕೊಡುವುದಾಗಿ ವಚನ ಕೊಟ್ಟವನು, ಭಾಗಶಃ ಕೊಟ್ಟು ಉಳಿದುದಕ್ಕೆ ವಚನ ಕೊಟ್ಟವನು, ಕಂತಿನ ಯಾವುದೇ ಪದ್ಧತಿಯಲ್ಲಿ ಕೊಂಡವನು, ಇವರೆಲ್ಲರೂ ಗ್ರಾಹಕರೇ. ಸಾಲ ಕೊಡುವುದು ಸಹ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಒಂದು ಸೇವೆ. ಒಪ್ಪಂದದಲ್ಲಿ ಇಲ್ಲದ ಶುಲ್ಕ ಹಾಕಿದರೆ, ಕಟ್ಟಿದ ಕಂತನ್ನು ಜಮಾ ಮಾಡದಿದ್ದರೆ, ಸಾಮಾನು ಮನೆಗೆ ಬರುವ ಮೊದಲೇ ಬಂದಿತೆಂದು ದಾಖಲೆ ಮಾಡಿಕೊಂಡರೆ ಹಣಕಾಸು ಸಂಸ್ಥೆಯೂ ಎದುರುದಾರನಾಗಬೇಕಾಗುತ್ತದೆ.

ಕಾಯ್ದೆಯಲ್ಲಿ ಇಲ್ಲದಿರುವುದು ಒಂದೇ ಒಂದು. ಅಂಗಡಿಯವನು ಕೆಟ್ಟ ಸಾಮಾನು ಕೊಟ್ಟನೆಂಬ ಒಂದೇ ಕಾರಣಕ್ಕೆ ಸಾಲ ಕೊಟ್ಟವನೂ ಹೊಣೆಗಾರನೆಂದು ಅದು ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. ಇತರ ದೇಶಗಳು ಈ ಪ್ರಶ್ನೆಯನ್ನು ಅರ್ಧ ಶತಮಾನದ ಹಿಂದೆಯೇ ಎದುರಿಸಿವೆ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನ ಪ್ರಕಾರ 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿನವರೆಗಿನ ಬೆಲೆಯ ಸಾಮಾನನ್ನು ಮಾರಾಟಗಾರನೊಡನೆ ಏರ್ಪಾಡಿರುವ ಸಂಸ್ಥೆಯ ಸಾಲದಿಂದ ಕೊಂಡರೆ, ಮಾರಾಟಗಾರನ ವಚನಭಂಗಕ್ಕೆ ಸಾಲ ಕೊಟ್ಟವನೂ ಸಮಾನ ಹೊಣೆಗಾರ. ಅಂಗಡಿ ಮುಚ್ಚಿಹೋದರೂ ಗ್ರಾಹಕನು ಸಾಲದಾತನಿಂದ ಪರಿಹಾರ ಪಡೆಯಬಹುದು. ಅಮೆರಿಕೆಯಲ್ಲಿ ಅಂಗಡಿಕಾರರು ಗ್ರಾಹಕನ ಕಂತಿನ ಪತ್ರವನ್ನೇ ಹಣಕಾಸು ಕಂಪನಿಗೆ ಮಾರುತ್ತಿದ್ದರು. ಕಂಪನಿಯು "ಸಾಮಾನಿನ ತಕರಾರು ನಮಗೆ ಸಂಬಂಧಿಸಿದ್ದಲ್ಲ" ಎನ್ನುತ್ತಿತ್ತು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ನಿಯಮ ಮಾಡಿ, ಮಾರಾಟಗಾರನ ಎದುರು ಎತ್ತಬಹುದಾದ ಆಕ್ಷೇಪಗಳೆಲ್ಲವನ್ನೂ ಆ ಪತ್ರ ಹಿಡಿದವನ ಎದುರೂ ಎತ್ತಬಹುದೆಂದು ಪ್ರತಿ ಪತ್ರದಲ್ಲಿ ಮುದ್ರಿಸಬೇಕೆಂದು ವಿಧಿಸಿತು. ಅದಕ್ಕೂ ಹತ್ತು ವರ್ಷ ಮೊದಲು, 1965ರಲ್ಲಿ, ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ವಾಕರ್-ಥಾಮಸ್ ಫರ್ನಿಚರ್ ಕಂಪನಿಯ ಮೊಕದ್ದಮೆಯಲ್ಲಿ ಕಂತಿನ ಕರಾರುಗಳು ಮನಃಸಾಕ್ಷಿಗೆ ವಿರುದ್ಧವಾಗಿದ್ದರೆ ಅವನ್ನು ಜಾರಿಗೊಳಿಸಬೇಕಾಗಿಲ್ಲವೆಂದಿತ್ತು. ಒಂದು ಸಾಮಾನಿನ ಕಂತು ತಪ್ಪಿದರೆ ಹಿಂದೆ ಕೊಂಡ ಎಲ್ಲ ಸಾಮಾನನ್ನೂ ಎತ್ತಿಕೊಂಡು ಹೋಗಲು ಆ ಕಂಪನಿಯ ಪತ್ರ ಅವಕಾಶ ಕೊಟ್ಟಿತ್ತು. ಲೋಕದಲ್ಲೆಲ್ಲ ಕಾನೂನು ಪಂಡಿತರು ಓದುವ ಆ ತೀರ್ಪು ಹುಟ್ಟಿದ್ದು ಪೀಠೋಪಕರಣದ ಕಂತಿನ ಅಂಗಡಿಯಿಂದಲೇ ಎಂಬುದು ಈ ಪೇಟೆಯವರಿಗೆ ಕುತೂಹಲದ ಸಂಗತಿ.

ಭಾರತದಲ್ಲಿ ಇದಕ್ಕೆ ಸಮನಾದ ಏರ್ಪಾಡು ಬರಲಿಲ್ಲ. ಕಂತು ಖರೀದಿಗೆಂದೇ 1972ರಲ್ಲಿ ಒಂದು ಕಾಯ್ದೆ ಮಾಡಲಾಗಿತ್ತು; ಅದು ಎಂದೂ ಕಾರ್ಯರೂಪಕ್ಕೆ ಬಾರದೆ 2005ರಲ್ಲಿ ರದ್ದಾಯಿತು. ರಿಜರ್ವ್ ಬ್ಯಾಂಕು ಸಾಲದ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಬಹಳಷ್ಟು ಮಾಡಿದೆ. ಸಾಲದ ಒಟ್ಟು ವೆಚ್ಚವನ್ನು ವಾರ್ಷಿಕ ದರದಲ್ಲಿ ತೋರಿಸುವ ಮುಖ್ಯಾಂಶಗಳ ಪತ್ರವನ್ನು ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಕೊಡುವುದು 2024ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿದೆ. ಡಿಜಿಟಲ್ ಸಾಲವನ್ನು ದಂಡವಿಲ್ಲದೆ ಹಿಂದಿರುಗಿಸಲು ಕನಿಷ್ಠ ಒಂದು ದಿನದ ಅವಕಾಶವಿದೆ. ಆದರೆ ಮಂಚವು ಸಾಲ ಮಂಜೂರಾದ ಹದಿನೈದು ದಿನಕ್ಕೆ ಮನೆಗೆ ಬಂದರೆ ಆ ಒಂದು ದಿನದಿಂದ ಏನು ಪ್ರಯೋಜನ? ಈ ಅವಕಾಶವು ಸಾಲದ ಬಗ್ಗೆ ಮನಸ್ಸು ಬದಲಿಸುವವನಿಗೆ ಇದೆ, ಸಾಮಾನು ನೋಡಿ ನಿರಾಶನಾದವನಿಗಲ್ಲ.

ಹೀಗಿರುವಾಗ ಇರುವ ದಾರಿಯನ್ನೇ ಚೆನ್ನಾಗಿ ಬಳಸಬೇಕಾಗುತ್ತದೆ. ಬಹಳಷ್ಟು ದೂರುಗಳು ಸೋಲುವುದು ನ್ಯಾಯವಿಲ್ಲದ್ದರಿಂದಲ್ಲ, ಕಾಗದವಿಲ್ಲದ್ದರಿಂದ. ರಾತ್ರಿ ಎಂಟು ಗಂಟೆಗೆ ಟೆಂಪೋ ಬರುತ್ತದೆ, ಹಮಾಲರು ಅವಸರದಲ್ಲಿರುತ್ತಾರೆ, ರಟ್ಟು ಬಿಚ್ಚುವ ಮೊದಲೇ "ಸಾಮಾನು ಸುಸ್ಥಿತಿಯಲ್ಲಿ ಮುಟ್ಟಿದೆ" ಎಂಬ ಚಲನ್ ಮೇಲೆ ಸಹಿ ಬೀಳುತ್ತದೆ, ಮೊಬೈಲಿಗೆ ಬಂದ ಒಟಿಪಿಯನ್ನೂ ಹೇಳಿಬಿಡಲಾಗುತ್ತದೆ. ಆ ಸಹಿಯೇ ಮುಂದೆ ಎದುರುದಾರನ ಮೊದಲ ದಾಖಲೆ. "ಬಿಚ್ಚಿ ನೋಡಿಲ್ಲ" ಎಂಬ ಎರಡು ಪದಗಳನ್ನು ಸಹಿಯ ಮೇಲೆ ಬರೆದರೂ ಸಾಕು. 1930ರ ಸರಕು ಮಾರಾಟ ಕಾಯ್ದೆಯ 41 ಮತ್ತು 42ನೇ ಕಲಮುಗಳು ಇಲ್ಲಿ ನೆನಪಿಗೆ ಬರಬೇಕು. ಪರೀಕ್ಷಿಸಿ ನೋಡಲು ಯುಕ್ತ ಅವಕಾಶ ದೊರೆಯುವವರೆಗೆ ಸರಕನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಆದರೆ ತಿರಸ್ಕರಿಸಿರುವುದಾಗಿ ಯುಕ್ತ ಕಾಲದೊಳಗೆ ತಿಳಿಸದೆ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ. ಆರು ತಿಂಗಳು ಸೋಫಾದ ಮೇಲೆ ಕುಳಿತು ಏಳನೆಯ ತಿಂಗಳು "ಮೊದಲ ದಿನದಿಂದಲೂ ಸರಿ ಇರಲಿಲ್ಲ" ಎಂದರೆ ಆಯೋಗವು ನಂಬುವುದು ಕಷ್ಟ.

ಬಿಲ್ಲಿನಲ್ಲಿ ಕಟ್ಟಿಗೆಯ ಜಾತಿಯನ್ನು ಬರೆಸಿಕೊಳ್ಳಬೇಕು. "ಮಂಚ 1" ಎಂದಷ್ಟೇ ಇರುವ ಬಿಲ್ಲು ಸಾಗವಾನಿಯ ಮಾತನ್ನು ಸಿದ್ಧಪಡಿಸದು. ಕಚ್ಚಾ ಚೀಟಿಯಂತೂ ಏನನ್ನೂ ಸಿದ್ಧಪಡಿಸದು. ಬಿಲ್ಲು ಕೊಡದಿರುವುದೇ ಈಗ ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಳ್ಳುತ್ತದೆ. ದೋಷ ಕಂಡ ಕೂಡಲೇ ಫೋಟೊ ತೆಗೆದು, ಅಂಗಡಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು, ಅದರ ಪ್ರತಿಯನ್ನು ಸಾಲದ ಖಾತೆಯ ಸಂಖ್ಯೆಯೊಡನೆ ಹಣಕಾಸು ಸಂಸ್ಥೆಗೂ ಕಳುಹಿಸಬೇಕು. ಫೋನಿನಲ್ಲಿ ಆಡಿದ ಇಪ್ಪತ್ತು ಮಾತುಗಳಿಗಿಂತ ಈ ಒಂದು ಪತ್ರದ ತೂಕ ಹೆಚ್ಚು. ಊರಿನ ಅನುಭವಿ ಬಡಿಗನಿಂದ ದೋಷವೇನು, ದುರಸ್ತಿಗೆ ಎಷ್ಟು ಎಂಬುದನ್ನು ಬರೆಸಿಕೊಂಡರೆ ಮುಂದೆ ಪ್ರಮಾಣಪತ್ರಕ್ಕೆ ಅದೇ ಆಧಾರವಾಗುತ್ತದೆ. ಸಾಲದ ಕಡೆಯ ತಕರಾರಿಗೆ ಸಂಸ್ಥೆಯು 30 ದಿನಗಳಲ್ಲಿ ತೃಪ್ತಿಕರ ಉತ್ತರ ಕೊಡದಿದ್ದರೆ ರಿಜರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಆದರೆ ಕಪಾಟಿನ ಹಲಗೆ ಅವರ ವ್ಯಾಪ್ತಿಗೆ ಬರುವುದಿಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಕೆಲವು ತಕರಾರುಗಳು ಅಲ್ಲಿಯೇ ಮುಗಿಯುವುದುಂಟು.

ಮುಗಿಯದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಗ್ರಾಹಕನು ವಾಸಿಸುವ ಸ್ಥಳದಲ್ಲಿಯೇ ದೂರು ಕೊಡಬಹುದೆಂಬುದು 2019ರ ಕಾಯ್ದೆಯ ದೊಡ್ಡ ಉಪಕಾರ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೊಂಡ ಸೋಫಾದ ದೂರನ್ನೂ ರಾಣೇಬೆನ್ನೂರಿನವನು ಹಾವೇರಿಯಲ್ಲಿ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಅಂತರ್ಜಾಲದ ಮೂಲಕ ದೂರು ಸಲ್ಲಿಸುವ ವ್ಯವಸ್ಥೆ 2020ರಲ್ಲಿ ಇ-ದಾಖಿಲ್ ಎಂಬ ಹೆಸರಿನಲ್ಲಿ ಆರಂಭವಾಗಿ 2025ರಿಂದ ಇ-ಜಾಗೃತಿ ಎಂದಾಗಿದೆ. ವಿಡಿಯೊ ಮೂಲಕ ವಿಚಾರಣೆಗೂ ಕಾಯ್ದೆಯಲ್ಲಿ ಅವಕಾಶವಿದೆ. ದಿನಗೂಲಿಯವನಿಗೆ ಪ್ರತಿ ತಾರೀಖಿಗೂ ಹಾವೇರಿಗೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋಯಿತೆಂದೇ ಅರ್ಥವಾದ್ದರಿಂದ ಇದು ಸಣ್ಣ ಸಂಗತಿಯಲ್ಲ. ಪರೀಕ್ಷೆಯ ಅಗತ್ಯವಿಲ್ಲದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆಗುವುದು ಅಪರೂಪ. ಆದಕಾರಣ ದೂರಿನೊಡನೆಯೇ ಮಧ್ಯಂತರ ಆದೇಶವನ್ನು ಕೇಳಿಕೊಳ್ಳುವುದು ಲೇಸು. ಪ್ರಕರಣ ಮುಗಿಯುವವರೆಗೆ ಕಂತನ್ನು ತಡೆಹಿಡಿಯಬೇಕೆಂದೋ, ಸಾಲ ಮಾಹಿತಿಯಲ್ಲಿ ಬಾಕಿದಾರನೆಂದು ನಮೂದಿಸಬಾರದೆಂದೋ ಕೇಳಬಹುದು. ಕೊಡುವುದು ಆಯೋಗದ ವಿವೇಚನೆ. ಆದರೆ ಆದೇಶ ಪಡೆದು ಕಂತು ನಿಲ್ಲಿಸುವುದಕ್ಕೂ ಸಿಟ್ಟಿನಿಂದ ನಿಲ್ಲಿಸುವುದಕ್ಕೂ ಅಜಗಜಾಂತರವಿದೆ.

ಎಷ್ಟು ಪರಿಹಾರ ಕೇಳಬೇಕು? ಇಲ್ಲಿ "ಶೂನ್ಯ ಬಡ್ಡಿ"ಯ ಲೆಕ್ಕವನ್ನು ಬಿಡಿಸಿ ನೋಡುವುದು ಅವಶ್ಯ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ರಿಜರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಮೇಲಿನ ಗುಮಾಸ್ತನು ರೋಖ ಕೊಟ್ಟಿದ್ದರೆ ಅದೇ ಸಾಮಾನು 57,000ಕ್ಕೆ ದೊರೆಯುತ್ತಿತ್ತೆಂದೂ, ಸಾಲಕ್ಕಾಗಿ ಆತನು 1,500 ರೂ. ಪ್ರಕ್ರಿಯಾ ಶುಲ್ಕ ಕೊಟ್ಟನೆಂದೂ ಇಟ್ಟುಕೊಂಡರೆ, ಆತನಿಗೆ ನಿಜವಾಗಿ ದೊರೆತ ಸಾಲ 43,500 ರೂ. ಮಾತ್ರ. ಮರಳಿ ಕಟ್ಟುವುದು 48,000. ಅಸಲು ತಿಂಗಳು ತಿಂಗಳು ಕಡಿಮೆಯಾಗುತ್ತಾ ಹೋಗುವುದರಿಂದ ಇದರ ವಾರ್ಷಿಕ ದರ ಶೇಕಡಾ 18ರಿಂದ 19ರ ನಡುವೆ ಬೀಳುತ್ತದೆ. ಬಡ್ಡಿ ಪಡೆಯುವುದು ಅಪರಾಧವಲ್ಲ. ಹೆಸರನ್ನು ಮರೆಮಾಚುವುದು ತಪ್ಪು. ಸಾಮಾನು ಹಿಂದಿರುಗಿಸುವ ಪ್ರಸಂಗ ಬಂದಾಗ ಗ್ರಾಹಕನು ಬೆಲೆಯನ್ನಷ್ಟೇ ಕೇಳಿ ಈ 4,500 ರೂಪಾಯಿಯನ್ನು ಮರೆಯುತ್ತಾನೆ. ಸಾಮಾನೇ ನಿಲ್ಲದಿದ್ದಾಗ ಸಾಲದ ವೆಚ್ಚವನ್ನು ಗ್ರಾಹಕನು ಏಕೆ ಹೊರಬೇಕು? ಶುಲ್ಕ, ಕಟ್ಟಿದ ಬಡ್ಡಿ, ಅವಧಿಗೆ ಮೊದಲು ಸಾಲ ಮುಚ್ಚುವ ಖರ್ಚು, ಇವೆಲ್ಲ ದೂರಿನಲ್ಲಿ ಬಿಡಿಬಿಡಿಯಾಗಿ ಬರೆಯಬೇಕಾದ ಬಾಬುಗಳು.

ಇದರಾಚೆಗೆ ಮಾನಸಿಕ ಯಾತನೆಯ ಪರಿಹಾರವಿದೆ. ಅದನ್ನು ಲಕ್ಷಗಳಲ್ಲಿ ಬರೆಯುವ ಚಾಳಿ ದೂರಿನ ಬಲವನ್ನು ಕುಗ್ಗಿಸುತ್ತದೆ. ಘಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲರಿಗೂ ಒಂದೇ ಶೇಕಡಾ 18ರ ಬಡ್ಡಿ ಹಾಕುವ ಪದ್ಧತಿಯನ್ನು ಒಪ್ಪದೆ, ಆಯಾ ಪ್ರಕರಣದಲ್ಲಿ ಆದ ನಷ್ಟವನ್ನು ನೋಡಿ ಪರಿಹಾರ ನಿಗದಿಮಾಡಬೇಕೆಂದಿತು. ಮದುವೆಯ ಹಿಂದಿನ ದಿನ ಬರಬೇಕಾದ ಮಂಚ ಹತ್ತು ದಿನ ತಡವಾಗಿ ಬಂದರೆ ಆ ನಷ್ಟಕ್ಕೆ ಒಂದು ಸ್ವರೂಪವಿದೆ, ಬೀಗರೆದುರು ಆದ ಮುಜುಗರಕ್ಕೂ ಒಂದು ಬೆಲೆಯಿದೆ. ಅದನ್ನು ದಿನಾಂಕಗಳೊಡನೆ ಹೇಳಬೇಕು. ಚಿಕ್ಕ ಮೊತ್ತವೆಂದು ಆಯೋಗಗಳು ಕಡೆಗಣಿಸುವುದಿಲ್ಲವೆಂಬುದಕ್ಕೆ ಬೆಂಗಳೂರಿನ 2023ರ ಅಕ್ಟೋಬರಿನ ಆದೇಶವೇ ಸಾಕ್ಷಿ. ಅಲ್ಲಿ ಐಕಿಯಾ ಪೀಠೋಪಕರಣ ಮಳಿಗೆಯು ತನ್ನ ಹೆಸರು ಮುದ್ರಿಸಿದ ಚೀಲಕ್ಕೆ 20 ರೂ. ಪಡೆದುದಕ್ಕಾಗಿ ಗ್ರಾಹಕಿಗೆ 3,000 ರೂ. ಪರಿಹಾರ ಮತ್ತು ವೆಚ್ಚ ಕೊಡಬೇಕಾಯಿತು.

ವರ್ತಕ ಬಂಧುಗಳು ತಮ್ಮ ಖರೀದಿಯ ಬಗ್ಗೆ ಒಂದು ಸಂಗತಿಯನ್ನು ಗಮನಿಸಬೇಕು. ಅಡತಿ ಅಂಗಡಿಯ ಗಾದಿಗೆ, ಆಫೀಸಿನ ಮೇಜಿಗೆ ಕೊಂಡ ಸಾಮಾನಿನ ದೂರು ಗ್ರಾಹಕರ ಆಯೋಗದಲ್ಲಿ ನಿಲ್ಲುವುದು ಕಷ್ಟ. ವಾಣಿಜ್ಯ ಉದ್ದೇಶದ ಖರೀದಿಯನ್ನು ಕಾಯ್ದೆ ಹೊರಗಿಟ್ಟಿದೆ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನಿಗೆ ಮಾತ್ರ ವಿನಾಯಿತಿ. ಮನೆಗೆಂದು ಕೊಂಡ ಸೋಫಾವನ್ನು ಫರ್ಮಿನ ಹೆಸರಿನಲ್ಲಿ ಬಿಲ್ಲು ಮಾಡಿಸಿ, ಜಿಎಸ್‌ಟಿ ಹುಟ್ಟುವಳಿ ಪಡೆದು, ಆದಾಯ ತೆರಿಗೆಯಲ್ಲಿ ಸವಕಳಿಯನ್ನೂ ತೋರಿಸಿ, ಆಮೇಲೆ ಆಯೋಗದ ಮುಂದೆ "ಮನೆ ಬಳಕೆಯ ಸಾಮಾನು" ಎಂದರೆ ಎದುರು ವಕೀಲರಿಗೆ ಬೇರೆ ಸಾಕ್ಷಿ ಬೇಕಾಗದು. ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು ಇದು. ಅಂಥವರಿಗೆ ಉಳಿಯುವುದು ಸಿವಿಲ್ ನ್ಯಾಯಾಲಯ ಮಾತ್ರ.

ಇನ್ನು ಮಾರುವವರ ಕಡೆಯ ಮಾತು. ಆಯೋಗದ ನೋಟೀಸು ಬಂದಾಗ ಅದನ್ನು ಮೇಜಿನ ಸೆಳೆಯಲ್ಲಿ ಹಾಕಿಡುವ ಅಂಗಡಿಕಾರರಿದ್ದಾರೆ. ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ; ಅದರಾಚೆಗೆ ಒಂದು ದಿನವನ್ನೂ ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2020ರ ಮಾರ್ಚ್ 4ರಂದು ಸ್ಪಷ್ಟಪಡಿಸಿದೆ. ಸೋತು ಮೇಲ್ಮನವಿಗೆ ಹೋಗುವುದಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಆದೇಶವನ್ನು ಪಾಲಿಸದಿದ್ದರೆ ಸೆರೆವಾಸದವರೆಗೂ ಹೋಗಬಹುದು. ಇದಕ್ಕೆ ಹೋಲಿಸಿದರೆ ಕೆಟ್ಟ ಕಪಾಟನ್ನು ಹಿಂದಕ್ಕೆ ಪಡೆಯುವುದು ಅಗ್ಗದ ಕೆಲಸ. "ತೆರಿಗೆ ಕಟ್ಟಿಯಾಗಿದೆ, ಹಿಂದಕ್ಕೆ ಪಡೆದರೆ ಅದು ಮುಳುಗುತ್ತದೆ" ಎಂಬ ಮಾತು ಸರಿಯಲ್ಲ. 60,000 ರೂಪಾಯಿಯ ಬಿಲ್ಲಿನಲ್ಲಿ ಶೇಕಡಾ 18ರಂತೆ ಸುಮಾರು 9,150 ರೂ. ತೆರಿಗೆ ಇರುತ್ತದೆ. ಮುಂದಿನ ಹಣಕಾಸು ವರ್ಷದ ನವೆಂಬರ್ 30ರೊಳಗೆ, ವಾರ್ಷಿಕ ವಿವರಣೆ ಅದಕ್ಕೂ ಮೊದಲು ಸಲ್ಲಿಸಿದ್ದರೆ ಅಲ್ಲಿಯವರೆಗೆ, ಕ್ರೆಡಿಟ್ ನೋಟ್ ಮಾಡಿ ಅದನ್ನು ಸರಿದೂಗಿಸಿಕೊಳ್ಳಬಹುದು. ಲೆಕ್ಕ ಬರೆಯುವವರನ್ನು ಕೇಳದೆಯೇ ಗ್ರಾಹಕನಿಗೆ "ಆಗುವುದಿಲ್ಲ" ಎನ್ನುವ ರೂಢಿ ನಿಲ್ಲಬೇಕು.

ಇಷ್ಟೆಲ್ಲ ಆದರೂ ಆಯೋಗವು ತಕರಾರು ಬಲಿತ ಮೇಲಿನ ಔಷಧ. ಮೂರು ಪೇಟೆಗಳ ಪೀಠೋಪಕರಣ ವರ್ತಕರು ಮನಸ್ಸು ಮಾಡಿದರೆ ಕಾನೂನು ಕೊಡದಿರುವುದನ್ನು ವ್ಯಾಪಾರವೇ ಕೊಡಬಹುದು. ಸಾಲದ ಹಣದಲ್ಲಿ ಹತ್ತನೆಯ ಒಂದು ಭಾಗವನ್ನು ಹಣಕಾಸು ಸಂಸ್ಥೆಯು ಸಾಮಾನು ಜೋಡಣೆಯಾದ ಹದಿನೈದು ದಿನಗಳವರೆಗೆ ಅಂಗಡಿಗೆ ಬಿಡುಗಡೆ ಮಾಡದೆ ಇಟ್ಟುಕೊಳ್ಳಲಿ. ಗುಮಾಸ್ತನ ಲೆಕ್ಕದಲ್ಲಿ ಅದು 4,800 ರೂ. ಗ್ರಾಹಕನು ಲಿಖಿತ ದೂರು ಕೊಡದಿದ್ದರೆ ಹದಿನಾರನೆಯ ದಿನ ಹಣ ತಾನಾಗಿಯೇ ಅಂಗಡಿಗೆ ಬರಲಿ. ಕೊಟ್ಟರೆ ದುರಸ್ತಿಯಾದ ಮೇಲೆ ಬರಲಿ. ಉದ್ರಿಯ ಕಾಲದ ಬಾಕಿಯು ಮಾಡುತ್ತಿದ್ದ ಕೆಲಸವನ್ನು ಈ 4,800 ರೂಪಾಯಿ ಮಾಡಬಲ್ಲದು. ಇದಕ್ಕೆ ಸಂಸತ್ತಿನ ಕಾಯ್ದೆ ಬೇಡ, ಅಂಗಡಿ ಮತ್ತು ಸಂಸ್ಥೆಯ ನಡುವಿನ ಒಪ್ಪಂದದಲ್ಲಿ ಒಂದು ಕಲಮು ಸಾಕು. ಒಬ್ಬ ಅಂಗಡಿಕಾರನು ಕೇಳಿದರೆ ಸಂಸ್ಥೆಯು ಕಿವಿಗೊಡದು. ಮೂರು ಪೇಟೆಗಳವರು ಒಟ್ಟಾಗಿ ಕೇಳಿದರೆ ಕೊಡಬೇಕಾಗುತ್ತದೆ.

ಆಕ್ಷೇಪಗಳು ಬರುವುದು ಸಹಜ. ದುಡಿಯುವ ಬಂಡವಾಳ ಕಟ್ಟಿಹಾಕಿದಂತಾಗುತ್ತದೆ ಎನ್ನುವವರಿದ್ದಾರೆ. ಹತ್ತನೆಯ ಒಂದು ಭಾಗ, ಅದೂ ಹದಿನೈದು ದಿನ. ಉದ್ರಿಯಲ್ಲಿ ವರ್ಷಗಟ್ಟಲೆ ಪೂರ್ತಿ ಹಣ ಬಿಟ್ಟಿದ್ದ ಪೇಟೆಗೆ ಇದು ದೊಡ್ಡ ಹೊರೆಯಲ್ಲ. ಸುಳ್ಳು ದೂರು ಕೊಡುವ ಗ್ರಾಹಕರ ಭಯ ಹೆಚ್ಚು ನ್ಯಾಯವಾದದ್ದು. ವರ್ಷವೆಲ್ಲ ಬಳಸಿ ಮಂಚ ಮುರಿದುಕೊಂಡು ಬರುವವರೂ ಇದ್ದಾರೆ. ಅದಕ್ಕಾಗಿಯೇ ಗಡುವು ಬೇಕು, ಜೊತೆಗೆ ತಕರಾರನ್ನು ಮನೆಗೇ ಹೋಗಿ ನೋಡುವ ಮೂವರ ಪಂಚಾಯಿತಿ ಬೇಕು. ಒಬ್ಬ ಪೀಠೋಪಕರಣ ವರ್ತಕ, ಒಬ್ಬ ಹಿರಿಯ ಬಡಿಗ, ಒಬ್ಬ ಈ ವ್ಯಾಪಾರಕ್ಕೆ ಸಂಬಂಧವಿಲ್ಲದವರು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಮತ್ತು ತೇವದ ತಕರಾರನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುರಿದು ತೀರ್ಮಾನಿಸುವವರಿರುವಾಗ ಹಲಗೆ ಉಬ್ಬಿದ್ದು ನೀರಿನಿಂದಲೋ ಕೆಟ್ಟ ಅಂಟಿನಿಂದಲೋ ಎಂದು ಹೇಳಬಲ್ಲವರು ಸಿಗದಿರಲಾರರು.

ಮದುವೆಯ ಹಂಗಾಮಿಗೆ ಸರಕು ತರಿಸುವ ಮೊದಲು ಇದನ್ನು ಆರಂಭಿಸುವುದಾದರೆ, ಹಣಕಾಸು ಸಂಸ್ಥೆಗಳ ಉತ್ತರಕ್ಕೂ ಕಾಯಬೇಕಾಗಿಲ್ಲ. ಒಟಿಪಿ ಕೇಳುವುದಕ್ಕೆ ಮೊದಲು ಪ್ರತಿ ಅಂಗಡಿಯೂ ಕನ್ನಡದಲ್ಲಿ ಮುದ್ರಿಸಿದ ಒಂದು ಚೀಟಿಯನ್ನು ಟೆಂಪೋದೊಡನೆ ಕಳುಹಿಸಬಹುದು. ಸಾಮಾನು ಬಂದ ದಿನಾಂಕಕ್ಕೆ ಒಂದು ಸಹಿ, ಜೋಡಿಸಿದ ದಿನಾಂಕಕ್ಕೆ ಇನ್ನೊಂದು, ಹಗಲಿನಲ್ಲಿ ನೋಡಿ ಒಪ್ಪಿದ ದಿನಾಂಕಕ್ಕೆ ಮೂರನೆಯದು. ಕೆಳಗೆ ದೋಷ ಬರೆಯಲು ನಾಲ್ಕು ಖಾಲಿ ಸಾಲು.